ನೋವಿಗಿಂತ ಮೊದಲು ಚಟದ ಚಿಂತೆ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ನೋವುನಿವಾರಕ ಮಾತ್ರೆಗಳ ದುರ್ಬಳಕೆಯ ಬಗ್ಗೆ ಪ್ರಕಟವಾದ ಲೇಖನವನ್ನು ಓದಿದೆ. ಟ್ಯಾಪೆಂಟಡಾಲ್‌ನಂಥ ಮಾತ್ರೆಗಳನ್ನು ಅರೆದು ನರಕ್ಕೆ ಚುಚ್ಚಿಕೊಳ್ಳುವ ಹುಡುಗರ ಬಗ್ಗೆ, ಚೀಟಿ ಕೇಳದೆ ಅವನ್ನು ಮಾರುವ ಔಷಧಿ ಅಂಗಡಿಗಳ ಬಗ್ಗೆ ಲೇಖಕರು ಬರೆದಿರುವುದರಲ್ಲಿ ನನ್ನ ತಕರಾರಿಲ್ಲ. ಅಂಥ ಹುಡುಗರ ತೋಳಿನ ಹುಣ್ಣುಗಳಿಗೆ ಡ್ರೆಸಿಂಗ್ ಮಾಡಿದ ಕೈ ನನ್ನದೂ ಹೌದು. ಆದರೆ ಲೇಖನದ ಕೊನೆಯ ಭಾಗದಲ್ಲಿ, ಮಾರ್ಫಿನ್‌ನಂಥ ಅಫೀಮು ಮೂಲದ ಪ್ರಬಲ ನೋವುನಿವಾರಕಗಳನ್ನು ವೈದ್ಯರು ಬರೆಯುವುದನ್ನೇ ಬಿಟ್ಟರೆ ಈ ಪಿಡುಗು ತಾನಾಗಿ ತಗ್ಗುತ್ತದೆ ಎಂಬ ಅರ್ಥದ ಮಾತೊಂದು ಬಂದಿದೆ. ನಮ್ಮ ಬಹುಪಾಲು ಆಸ್ಪತ್ರೆಗಳಲ್ಲಿ ಈ ಸಲಹೆ ಯಾರೂ ಹೇಳದೆಯೇ ಎಂದೋ ಜಾರಿಗೆ ಬಂದಿದೆ ಎಂಬುದನ್ನೂ, ಅದರ ಬೆಲೆಯನ್ನು ಮಾತ್ರೆ ಅರೆಯುವ ಹುಡುಗರಲ್ಲ, ಕ್ಯಾನ್ಸರಿನ ನೋವಿನಿಂದ ರಾತ್ರಿ ಕಳೆಯಲಾಗದೆ ಹಾಸಿಗೆಯ ಮೇಲೆ ಕುಳಿತೇ ಬೆಳಗು ಮಾಡುವವರು ತೆರುತ್ತಿದ್ದಾರೆ ಎಂಬುದನ್ನೂ ತಮ್ಮ ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ, ಕ್ಷಮೆಯಿರಲಿ.

ನಾನು ಎರಡು ತಾಲ್ಲೂಕು ಆಸ್ಪತ್ರೆಗಳಲ್ಲಿ, ಆಮೇಲೆ ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ, ಒಟ್ಟು 33 ವರ್ಷ ಶುಶ್ರೂಷಕಿಯಾಗಿ ದುಡಿದು 2021ರಲ್ಲಿ ನಿವೃತ್ತಳಾದವಳು. ವೈದ್ಯೆಯಲ್ಲ. ಔಷಧ ಬರೆಯುವ ಅಧಿಕಾರ ನನಗೆ ಯಾವತ್ತೂ ಇರಲಿಲ್ಲ. ಬರೆದದ್ದನ್ನು ಕೊಡುವ, ಕೊಡದಿರುವ, ತಡಮಾಡಿ ಕೊಡುವ ಅಧಿಕಾರ ಮಾತ್ರ ಇತ್ತು. ಅದೇನೂ ಸಣ್ಣ ಅಧಿಕಾರವಲ್ಲವೆಂದು ಈಗ ಅನ್ನಿಸುತ್ತದೆ.

ವಾರ್ಡಿನಲ್ಲಿ ಸಿಸ್ಟರುಗಳ ಮೇಜಿನ ಹಿಂದಿನ ಗೋಡೆಗೆ ಬಡಿದ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅದಕ್ಕೆ ಒಂದರೊಳಗೊಂದು ಎರಡು ಬಾಗಿಲು, ಎರಡಕ್ಕೂ ಬೇರೆ ಬೇರೆ ಬೀಗ. ನಾವದನ್ನು ‘ಡಿಡಿಎ ಕಬೋರ್ಡ್’ ಎನ್ನುತ್ತೇವೆ. ಡಿಡಿಎ ಎಂದರೆ 1930ರ ಅಪಾಯಕಾರಿ ಔಷಧಗಳ ಕಾಯ್ದೆ. ಆ ಕಾಯ್ದೆ ರದ್ದಾಗಿ 1985ರಲ್ಲಿ ಮಾದಕ ಔಷಧಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್ ಬಂತು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಹಳೆಯ ಕಾಯ್ದೆ ಇರಲೇ ಇಲ್ಲ. ಆದರೂ ಪೆಟ್ಟಿಗೆಯ ಮೇಲೆ, ರಿಜಿಸ್ಟರಿನ ಮೇಲೆ, ನಮ್ಮ ಬಾಯಲ್ಲಿ ಅದೇ ಹೆಸರು ಉಳಿದುಕೊಂಡಿತು. ಪಾಳಿ ಬದಲಾಗುವಾಗ ನಾವು ಮೊದಲು ಮಾಡುತ್ತಿದ್ದ ಕೆಲಸ ಆ ಪೆಟ್ಟಿಗೆಯ ಆಂಪೂಲುಗಳನ್ನು, ಅಂದರೆ ಸೂಜಿಮದ್ದಿನ ಪುಟ್ಟ ಗಾಜಿನ ಸೀಸೆಗಳನ್ನು, ಎಣಿಸುವುದು. ತುಂಬಿದವು ಎಷ್ಟು, ಖಾಲಿಯಾದವು ಎಷ್ಟು, ಎರಡೂ ಸೇರಿ ಪುಸ್ತಕದ ಲೆಕ್ಕಕ್ಕೆ ಹೊಂದಬೇಕು, ಇಬ್ಬರ ಸಹಿ ಬೀಳಬೇಕು. ಒಂದು ಆಂಪೂಲು ಕೈಜಾರಿ ಒಡೆದರೆ ಲಿಖಿತ ವಿವರಣೆ ಕೊಡಬೇಕಿತ್ತು. ರೋಗಿಯೊಬ್ಬ ರಾತ್ರಿಯಿಡೀ ನರಳಿದರೆ ಯಾರಿಗೂ ಯಾವ ವಿವರಣೆಯನ್ನೂ ಕೊಡಬೇಕಿರಲಿಲ್ಲ. ನೋವಿನ ಔಷಧದ ಬಗ್ಗೆ ನಮ್ಮ ವೃತ್ತಿಯಲ್ಲಿ ಬೆಳೆದುಬಂದ ಧೋರಣೆಯನ್ನು ಅರ್ಥಮಾಡಿಕೊಳ್ಳಲು ಈ ಒಂದು ವ್ಯತ್ಯಾಸ ಸಾಕು. ನಮ್ಮಲ್ಲಿ ಯಾರೂ ಕಟುಕರಲ್ಲ. ಯಾವುದಕ್ಕೆ ಲೆಕ್ಕ ಕೇಳುತ್ತಾರೋ ಅದನ್ನು ಕಾಯುವುದನ್ನು ಕಲಿತೆವು, ಅಷ್ಟೇ.

1985ರ ಕಾಯ್ದೆ ಬಂದಾಗ ಕಳ್ಳಸಾಗಣೆಗೆ ಕನಿಷ್ಠ 10 ವರ್ಷ ಕಠಿಣ ಸಜೆ ಎಂದು ಗೊತ್ತುಮಾಡಿತು. ಕಾಯ್ದೆಯಲ್ಲಿ ವೈದ್ಯಕೀಯ ಬಳಕೆಗೆ ಅವಕಾಶ ಇತ್ತು. ಆದರೆ ಅದರ ನಿಯಮಗಳನ್ನು ಮಾಡುವ ಹೊಣೆ ರಾಜ್ಯಗಳಿಗೆ ಬಿದ್ದು, ಒಂದು ಆಸ್ಪತ್ರೆ ಮಾರ್ಫಿನ್ ತರಿಸಬೇಕಾದರೆ ಅಬಕಾರಿ ಇಲಾಖೆಯೂ ಸೇರಿದಂತೆ ಒಂದಕ್ಕಿಂತ ಹೆಚ್ಚು ಕಚೇರಿಗಳಿಂದ ನಾಲ್ಕೈದು ಪರವಾನಗಿ ಪಡೆಯಬೇಕಾಗಿ ಬಂತು. ಕೊನೆಯ ಪರವಾನಗಿ ಕೈಸೇರುವ ಹೊತ್ತಿಗೆ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಯಾವ ಆಸ್ಪತ್ರೆಯ ಮುಖ್ಯಸ್ಥರಿಗೆ ಈ ಉಸಾಬರಿ ಬೇಕು? ಇಡೀ ದೇಶದಲ್ಲಿ ವೈದ್ಯಕೀಯ ಬಳಕೆಯ ಮಾರ್ಫಿನ್ ಪ್ರಮಾಣ ಹತ್ತು ಪಾಲಿನಲ್ಲಿ ಒಂಬತ್ತಕ್ಕೂ ಹೆಚ್ಚು ಕುಸಿದು, 1997ರ ಹೊತ್ತಿಗೆ ಕೇವಲ 18 ಕಿಲೋಗ್ರಾಮಿಗೆ ಇಳಿಯಿತು. ಆ ಹೊತ್ತಿಗೆ ನಮ್ಮ ಜನಸಂಖ್ಯೆ 90 ಕೋಟಿ ದಾಟಿತ್ತು.

ಇದರಲ್ಲಿ ಒಂದು ವಿಚಿತ್ರವಿದೆ. ಔಷಧ ತಯಾರಿಕೆಗಾಗಿ ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶದ ಮಂದ್‌ಸೌರ್, ನೀಮಚ್, ರಾಜಸ್ಥಾನದ ಚಿತ್ತೋಡಗಢ, ಉತ್ತರ ಪ್ರದೇಶದ ಬಾರಾಬಂಕಿ ಕಡೆಗಳಲ್ಲಿ ರೈತರು ಸರ್ಕಾರದ ಪರವಾನಗಿ ಪಡೆದು ಅದನ್ನು ಬೆಳೆಯುತ್ತಾರೆ. ಕಾಯಿಗೆ ಗೀರು ಹಾಕಿ ಇಳಿಸಿದ ಹಾಲು ಸರ್ಕಾರಕ್ಕೇ ಹೋಗುತ್ತದೆ. ಗಾಜೀಪುರ ಮತ್ತು ನೀಮಚ್‌ನಲ್ಲಿರುವ ಸರ್ಕಾರಿ ಕಾರ್ಖಾನೆಗಳು ಅದನ್ನು ಸಂಸ್ಕರಿಸುತ್ತವೆ. ಅದರಲ್ಲಿ ಒಂದಷ್ಟು ವಿದೇಶಕ್ಕೂ ಹೋಗುತ್ತದೆ. ಅದೇ ಕಾಯಿಯ ಬೀಜವನ್ನು ನಾವು ಗಸಗಸೆ ಎಂದು ಕರೆದು, ಹಬ್ಬದ ದಿನ ತೆಂಗಿನಕಾಯಿಯೊಂದಿಗೆ ರುಬ್ಬಿ ಪಾಯಸ ಮಾಡಿ ಉಣ್ಣುತ್ತೇವೆ. ಅದರ ಹಾಲಿನಿಂದ ಬಂದ ಔಷಧ ಮಾತ್ರ ಬೆಳೆದ ದೇಶದ ರೋಗಿಯ ನಾಲಗೆಗೆ ತಲುಪುವುದಿಲ್ಲ. 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವೊಂದು ಲೆಕ್ಕ ಹಾಕಿದಂತೆ ಭಾರತದಲ್ಲಿ ದೊರೆಯುತ್ತಿದ್ದ ಈ ಬಗೆಯ ಔಷಧ ನಮ್ಮ ನಿಜವಾದ ಅಗತ್ಯದ ಶೇ 4ರಷ್ಟು ಮಾತ್ರ.

ಇಷ್ಟು ಹೇಳಿ ತಪ್ಪನ್ನೆಲ್ಲ ಕಾನೂನಿನ ತಲೆಗೆ ಕಟ್ಟಿದರೆ ನಾನು ಅಪ್ರಾಮಾಣಿಕಳಾಗುತ್ತೇನೆ. 2014ರಲ್ಲಿ ಸಂಸತ್ತು ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿದಂತೆ ಆರು ಔಷಧಗಳನ್ನು ಅತ್ಯಗತ್ಯ ಮಾದಕ ಔಷಧಗಳೆಂದು ಗುರುತಿಸಿ, ಹಲವು ಪರವಾನಗಿಗಳ ಬದಲು ರಾಜ್ಯದ ಔಷಧ ನಿಯಂತ್ರಕರಿಂದ ‘ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ’ ಎಂಬ ಒಂದೇ ಮನ್ನಣೆ ಪಡೆದರೆ ಸಾಕೆಂದು ಮಾಡಲಾಯಿತು. 2015ರಲ್ಲಿ ದೇಶಕ್ಕೆಲ್ಲ ಒಂದೇ ಬಗೆಯ ನಿಯಮಗಳೂ ಬಂದವು. ತರಬೇತಿ ಪಡೆದ ಒಬ್ಬ ವೈದ್ಯರು, ವರ್ಷಕ್ಕೆ ಎಷ್ಟು ಬೇಕೆಂಬ ಅಂದಾಜು, ದಿನದಿನದ ಲೆಕ್ಕ, ಇವಿಷ್ಟಿದ್ದರೆ ಆಗುತ್ತದೆ. ಕಾನೂನಿನ ಬೀಗ ತೆರೆದು 10 ವರ್ಷ ಮೀರಿತು. ನಾನು ನಿವೃತ್ತಳಾಗುವ ದಿನದವರೆಗೂ ನಮ್ಮ ಪೆಟ್ಟಿಗೆಯೊಳಗೆ ಮಾರ್ಫಿನ್ ಮಾತ್ರೆ ಬರಲಿಲ್ಲ. ತರಿಸೋಣವೇ ಎಂದು ಯಾರೂ ಕೇಳಲೂ ಇಲ್ಲ, ನಾನೂ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎಂಬುದನ್ನು ಹೇಳಲು 1996ರ ಮಳೆಗಾಲದ ಒಂದು ಸಂಗತಿಯನ್ನು ಹೇಳಬೇಕು. ಪುರುಷರ ವಾರ್ಡಿನಲ್ಲಿ ಬಾಯಿ ಕ್ಯಾನ್ಸರಿನ ಒಬ್ಬ ರೈತರಿದ್ದರು. ಎಲೆ, ಅಡಿಕೆ, ತಂಬಾಕಿನ ಕಟ್ಟು ದವಡೆಯಲ್ಲಿಟ್ಟುಕೊಂಡೇ ಹೊಲದ ಕೆಲಸ ಮಾಡಿದ ಜೀವ. ದವಡೆ ಒಳಗಿನಿಂದ ಕೆನ್ನೆಯವರೆಗೆ ತೂತಾಗಿತ್ತು. ಅವರ ಕೇಸ್ ಶೀಟಿನಲ್ಲಿ ಡಾಕ್ಟರು ಪೆಂಟಜೋಸಿನ್ ಎಂಬ ನೋವಿನ ಇಂಜೆಕ್ಷನ್ ಬರೆದು ಮುಂದೆ ‘ಎಸ್‌ಓಎಸ್’ ಎಂದು ಹಾಕಿದ್ದರು. ಎಸ್‌ಓಎಸ್ ಎಂದರೆ ‘ಬೇಕಾದರೆ ಮಾತ್ರ’. ಬೇಕೋ ಬೇಡವೋ ಎಂದು ತೀರ್ಮಾನಿಸುವವರು ನಾವು. ಅವರು ಮೂರು ತಾಸಿಗೊಮ್ಮೆ “ಅಕ್ಕಾರ, ಒಂದ್ ಸೂಜಿ ಮಾಡ್ರಿ” ಎಂದು ಕೈಮುಗಿಯುತ್ತಿದ್ದರು. ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಕೇಳುತ್ತಾನೆ, ಇವನಿಗೆ ಚಟ ಹತ್ತಿದೆ ಎಂದು ನಮ್ಮಲ್ಲಿ ಮಾತಾಯಿತು. ಒಂದು ರಾತ್ರಿ ನಾನು ಡ್ಯೂಟಿ ಡಾಕ್ಟರಿಗೆ ಹೇಳಿದೆ. ಅವರು ಡಿಸ್ಟಿಲ್ಡ್ ವಾಟರ್ ಕೊಟ್ಟು ನೋಡಿ ಎಂದರು. ಎರಡು ಮಿಲಿ ನೀರನ್ನು ಸಿರಿಂಜಿಗೆ ಎಳೆದು ಕೊಟ್ಟೆ. ಅವರು ಸುಮ್ಮನೆ ಮಲಗಿದರು. ನೋಡಿದಿರಾ, ನೋವೇ ಇರಲಿಲ್ಲ ಎಂದು ಬೆಳಿಗ್ಗೆ ರೌಂಡ್ಸಿನಲ್ಲಿ ನಗುತ್ತಾ ವರದಿ ಮಾಡಿದವಳೂ ನಾನೇ.

ಆ ಔಷಧದ ಕೆಲಸ ಮೂರು ನಾಲ್ಕು ತಾಸಿನಲ್ಲಿ ಇಳಿಯುತ್ತದೆಂದು, ಆದ್ದರಿಂದಲೇ ಅವರು ಆ ಹೊತ್ತಿಗೆ ಸರಿಯಾಗಿ ಕೇಳುತ್ತಿದ್ದರೆಂದು ನನಗೆ ಅರ್ಥವಾಗಿದ್ದು ಎಷ್ಟೋ ವರ್ಷಗಳ ಮೇಲೆ. ಯಾರೋ ಬಂದು ಮುಟ್ಟಿ, ಸೂಜಿ ಹಾಕಿದರೆಂಬ ನಂಬಿಕೆಯಿಂದಲೇ ಮನುಷ್ಯನ ನೋವು ಒಂದಿಷ್ಟು ಹೊತ್ತು ತಗ್ಗಬಹುದು. ನೀರಿನ ಸೂಜಿಯಿಂದ ಸುಮ್ಮನಾದವನು ಸುಳ್ಳ ಎಂದು ಅದರಿಂದ ಸಿದ್ಧವಾಗುವುದಿಲ್ಲ. ಇನ್ನೂ ಒಂದು ಸಾಧ್ಯತೆಯಿದೆ. ಈ ಸಿಸ್ಟರಿಗೆ ಇನ್ನು ಕೇಳಿ ಪ್ರಯೋಜನವಿಲ್ಲವೆಂದು ಅವರಿಗೆ ಹೊಳೆದಿರಬಹುದು. ಪೂರಾ ಔಷಧ ಸಿಗದ ನೋವಿನವನು ಪದೇ ಪದೇ ಬೇಡುವುದನ್ನು ಹೊರಗಿನಿಂದ ನೋಡಿದರೆ ಅದು ಚಟದಂತೆಯೇ ಕಾಣುತ್ತದೆ. ಬೇಡುವಂತೆ ಮಾಡಿದವರು ನಾವು, ಬೇಡಿದನೆಂದು ಅನುಮಾನಿಸಿದವರೂ ನಾವೇ.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಕ್ರಮವನ್ನು ಹೇಳಿತ್ತು: ಮೊದಲು ಪ್ಯಾರಾಸಿಟಮಾಲ್‌ನಂಥವು, ಅದಕ್ಕೆ ಬಗ್ಗದಿದ್ದರೆ ದುರ್ಬಲ ಅಫೀಮು ಮೂಲದ ಔಷಧ, ಅದಕ್ಕೂ ಬಗ್ಗದಿದ್ದರೆ ಮಾರ್ಫಿನ್. ಸಾಧ್ಯವಾದಷ್ಟೂ ಬಾಯಿಯ ಮೂಲಕ ಕೊಡಬೇಕು, ನೋವು ಮರಳಿ ಬರುವವರೆಗೆ ಕಾಯದೆ ಗಡಿಯಾರದ ಪ್ರಕಾರ ಕೊಡಬೇಕು ಎಂಬುದು ಅದರ ತಿರುಳು. ನಮ್ಮ ‘ಎಸ್‌ಓಎಸ್’ ಇದಕ್ಕೆ ನೇರ ವಿರುದ್ಧ. ದಿನದ 24 ತಾಸೂ ಇರುವ ನೋವಿಗೆ ‘ಬೇಕಾದರೆ ಮಾತ್ರ’ ಎಂದು ಬರೆಯುವುದು, ಸಕ್ಕರೆ ಕಾಯಿಲೆಯವರಿಗೆ ತಲೆಸುತ್ತು ಬಂದಾಗ ಮಾತ್ರ ಮಾತ್ರೆ ನುಂಗಿ ಎಂದ ಹಾಗೆ.

ವೈದ್ಯರ, ಶುಶ್ರೂಷಕರ, ಫಾರ್ಮಸಿಸ್ಟರ ಬಾಯಲ್ಲಿ ಮಾರ್ಫಿನ್ ಬಗ್ಗೆ ನಾನು ಕೇಳಿದ ಮಾತುಗಳು ಹೆಚ್ಚೂಕಡಿಮೆ ಮೂರೇ. ಚಟ ಹತ್ತುತ್ತದೆ, ಉಸಿರು ನಿಲ್ಲುತ್ತದೆ, ಅದು ಸಾಯುವಾಗ ಕೊಡುವ ಔಷಧ. ಮೊದಲನೆಯದರಲ್ಲಿ ಎರಡು ಬೇರೆ ಬೇರೆ ವಿಷಯಗಳು ಬೆರೆತುಹೋಗಿವೆ. ಕೆಲವು ವಾರ ಮಾರ್ಫಿನ್ ತೆಗೆದುಕೊಂಡ ಯಾರದೇ ಶರೀರ ಅದಕ್ಕೆ ಒಗ್ಗಿಕೊಳ್ಳುತ್ತದೆ. ಥಟ್ಟನೆ ನಿಲ್ಲಿಸಿದರೆ ಬೆವರು, ಭೇದಿ, ತಳಮಳ ಆಗುತ್ತವೆ. ಬೇಡವಾದಾಗ ಮೆಲ್ಲಮೆಲ್ಲನೆ ಇಳಿಸಿದರೆ ಅವು ಆಗುವುದಿಲ್ಲ. ಇದು ಶರೀರದ ರೂಢಿ. ಹಾನಿಯಾಗುತ್ತಿದೆಯೆಂದು ಗೊತ್ತಿದ್ದೂ, ನೋವಿಲ್ಲದಿದ್ದರೂ, ಅದರ ಹಿಂದೆಯೇ ಮನಸ್ಸು ಓಡುವುದು ಚಟ. ಎರಡನೆಯ ಮಾತಿನಲ್ಲಿ ಸತ್ಯಾಂಶವಿದೆ: ಅಳತೆ ಮೀರಿದರೆ, ಮೂತ್ರಪಿಂಡ ಕೆಟ್ಟವರಿಗೆ ಅಳತೆ ಇಳಿಸದಿದ್ದರೆ ಉಸಿರಾಟ ಕುಗ್ಗುತ್ತದೆ. ಆದರೆ ಕಡಿಮೆಯಿಂದ ಶುರುಮಾಡಿ, ನೋವನ್ನು ನೋಡಿಕೊಂಡು ಹಂತಹಂತವಾಗಿ ಏರಿಸಿದಾಗ ಹಾಗಾಗುವುದು ವಿರಳ. ಉಸಿರು ಕುಗ್ಗುವ ಮೊದಲು ಮಂಪರು ಬರುವುದರಿಂದ ಎಚ್ಚರಿಕೆಯೂ ಸಿಗುತ್ತದೆ. ನಲಾಕ್ಸೋನ್ ಎಂಬ ಪ್ರತಿಮದ್ದೂ ಇದೆ. ನಿಜಕ್ಕೂ ಹೆಚ್ಚುಕಡಿಮೆ ಪ್ರತಿಯೊಬ್ಬರಿಗೂ ಆಗುವ ತೊಂದರೆ ಮಲಬದ್ಧತೆ. ಮೊದಲ ದಿನದಿಂದಲೇ ಅದಕ್ಕೊಂದು ಔಷಧ ಜೊತೆಗೆ ಬರೆಯಬೇಕು. ಚಟಕ್ಕೆ ಹೆದರುವ ನಾವು ಇದನ್ನು ಬರೆಯಲು ಮರೆಯುತ್ತೇವೆ.

ಇನ್ನು ಸಾಯುವಾಗ ಕೊಡುವ ಔಷಧ ಎಂಬ ಮಾತು. ಸಾಯುವ ಹಿಂದಿನ ದಿನವಷ್ಟೇ ಕೊಡುತ್ತಾ ಬಂದರೆ, ಕೊಟ್ಟ ಮರುದಿನ ರೋಗಿ ಸಾಯುವುದನ್ನೇ ಮನೆಯವರು ನೋಡುತ್ತಾರೆ. ಆ ಮೇಲೆ ಆ ಹೆಸರು ಕೇಳಿದರೇ ಊರು ಬೆಚ್ಚುತ್ತದೆ.

ವಿಪರ್ಯಾಸವೆಂದರೆ ಹೀಗೆ ಮಾರ್ಫಿನ್‌ಗೆ ಹೆದರುವ ನಾವು ಡೈಕ್ಲೋಫಿನಾಕ್ ಎಂಬ ಸಾಮಾನ್ಯ ನೋವಿನ ಸೂಜಿಗೆ ಕಿಂಚಿತ್ತೂ ಹೆದರುವುದಿಲ್ಲ. ಸೊಂಟ ಹಿಡಿದರೂ ಅದೇ, ಮೂಳೆಗೆ ಹರಡಿದ ಕ್ಯಾನ್ಸರಿಗೂ ಅದೇ. ದಿನವೂ ಕೊಡುತ್ತಾ ಹೋದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬೀಳುತ್ತದೆ, ಮೂತ್ರಪಿಂಡ ಕೆಡುತ್ತದೆ. ಅದಕ್ಕೆ ಎರಡು ಬಾಗಿಲಿನ ಪೆಟ್ಟಿಗೆಯಿಲ್ಲ, ಹಾಗಾಗಿ ನಮಗೆ ಅದು ನಿರುಪದ್ರವಿ. ವರ್ಷಗಟ್ಟಲೆ ನಾವು ಧಾರಾಳವಾಗಿ ಬಳಸಿದ ಪೆಥಿಡಿನ್ ಎಂಬ ಇನ್ನೊಂದು ನೋವಿನ ಸೂಜಿ ಕೂಡ ಪದೇ ಪದೇ ಕೊಟ್ಟರೆ ಅದರ ಉಳಿಕೆ ಮೈಯಲ್ಲಿ ಕೂಡಿಕೊಂಡು ಫಿಟ್ಸ್ ತರುತ್ತದೆ.

ನೋವನ್ನು ಕೇಳುವ ಬಗೆಯ ಕುರಿತೂ ಎರಡು ಮಾತು ಹೇಳಬೇಕು. ಜ್ವರ, ನಾಡಿ, ಉಸಿರು, ರಕ್ತದೊತ್ತಡಕ್ಕೆ ನಮ್ಮ ಚಾರ್ಟಿನಲ್ಲಿ ಮನೆಗಳಿದ್ದವು, ನೋವಿಗೆ ಇರಲಿಲ್ಲ. ಈಚೆಗೆ ದೊಡ್ಡ ಆಸ್ಪತ್ರೆಗಳಲ್ಲಿ ಸೊನ್ನೆಯಿಂದ 10ರವರೆಗೆ ಅಂಕ ಕೇಳುತ್ತಾರೆ. ಒಳ್ಳೆಯದೇ. ಆದರೆ ನಮ್ಮ ಕಡೆಯ ಅಜ್ಜಿಗೆ ಎಂಟೋ ಒಂಬತ್ತೋ ಎಂದು ಕೇಳಿದರೆ ಆಕೆ ಸುಮ್ಮನೆ ಮುಖ ನೋಡುತ್ತಾಳೆ. ಅದೇ ಅಜ್ಜಿಯನ್ನು ಹೇಗಾಗುತ್ತದೆ ಎಂದು ಕೇಳಿ ನೋಡಿ: ಉರಿ, ಸೆಳೆತ, ತಿವಿತ, ಹಿಂಡುವುದು, ಕಿವುಚುವುದು, ಸಿಡಿಯುವುದು, ಜುಮುಜುಮು ಎನ್ನುವುದು, ಇರುವೆ ಹರಿದಂತಾಗುವುದು, ಕರೆಂಟು ಹೊಡೆದಂತಾಗುವುದು. ಇವು ಕಾವ್ಯಕ್ಕಾಗಿ ಹೇಳುವ ಮಾತುಗಳಲ್ಲ. ಉರಿ, ಇರುವೆ, ಕರೆಂಟು ಎಂದರೆ ನರಕ್ಕೆ ಪೆಟ್ಟಾದ ನೋವು, ಅದಕ್ಕೆ ಮಾರ್ಫಿನ್ ಒಂದೇ ಸಾಲದು, ಬೇರೆ ಮಾತ್ರೆ ಬೇಕು; ಹಿಂಡುವುದು, ಕಿವುಚುವುದು ಎಂದರೆ ಕರುಳಿನಂಥ ಒಳ ಅಂಗದ್ದು. ಅರ್ಧ ರೋಗನಿರ್ಣಯವನ್ನು ರೋಗಿಯೇ ಕನ್ನಡದಲ್ಲಿ ಹೇಳಿ ಮುಗಿಸಿರುತ್ತಾನೆ. ಕೇಸ್ ಶೀಟಿನಲ್ಲಿ ಅದೆಲ್ಲ ‘ಪೇನ್ ಪ್ಲಸ್’, ಅಂದರೆ ಬರೀ ‘ನೋವಿದೆ’, ಎಂದಾಗಿಬಿಡುತ್ತದೆ. ಹೆಂಗಸರ ವಿಷಯದಲ್ಲಿ ಅದೂ ಇಲ್ಲ. ಹೆರಿಗೆ ಬೇನೆ ತಿಂದವಳಿಗೆ ಇದೇನು ಮಹಾ ಎಂದು ಮನೆಯವರಿಗಿಂತ ಮೊದಲು ನಾವೇ ಗದರಿದ್ದುಂಟು.

ಹಾಗಾದರೆ ಅಮೆರಿಕದಲ್ಲಿ ಆದದ್ದೇನು ಎಂದು ತಮ್ಮ ಲೇಖಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಲ್ಲಿ 2021ರಿಂದ ಸತತ ಮೂರು ವರ್ಷ, ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಮಾದಕಗಳ ಮಿತಿಮೀರಿದ ಸೇವನೆಯಿಂದ ಸತ್ತರು. ಈಗಿನ ಸಾವುಗಳಲ್ಲಿ ಹೆಚ್ಚಿನವು ಕಳ್ಳ ಮಾರುಕಟ್ಟೆಯ ಫೆಂಟನಿಲ್‌ನಿಂದ ಆದವು ಎಂಬುದು ನಿಜವಾದರೂ, ದುರಂತದ ಮೊದಲ ಅಂಕ ವೈದ್ಯರ ಚೀಟಿಯಿಂದಲೇ ಶುರುವಾಯಿತು. ಅದರ ಮೂಲದಲ್ಲಿ ಸಂಪಾದಕರಿಗೆ ಬರೆದ ಒಂದು ಪತ್ರವಿದೆ ಎಂಬುದು ಈ ಪತ್ರ ಬರೆಯುವಾಗ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. 1980ರಲ್ಲಿ ಬಾಸ್ಟನ್ನಿನ ಇಬ್ಬರು ಅಲ್ಲಿನ ಹೆಸರಾಂತ ವೈದ್ಯಕೀಯ ಪತ್ರಿಕೆಗೆ ಐದು ವಾಕ್ಯಗಳ ಪತ್ರ ಬರೆದರು. ಆಸ್ಪತ್ರೆಯಲ್ಲಿ ಇಂಥ ಔಷಧ ಪಡೆದ 11,882 ರೋಗಿಗಳಲ್ಲಿ ಚಟದ ಸ್ಪಷ್ಟ ದಾಖಲೆ ಸಿಕ್ಕಿದ್ದು ನಾಲ್ವರಲ್ಲಿ ಮಾತ್ರ ಎಂಬುದು ಅದರ ಸಾರಾಂಶ. ಅವರೆಲ್ಲ ಆಸ್ಪತ್ರೆಯೊಳಗೆ, ಕಣ್ಣಳತೆಯಲ್ಲಿ ಔಷಧ ಪಡೆದವರು. ಮುಂದೆ ಆ ಐದು ವಾಕ್ಯಗಳನ್ನು ನೂರಾರು ಲೇಖನಗಳು ಉದ್ಧರಿಸಿದವು. ಸೊಂಟನೋವಿಗೆ, ಮಂಡಿನೋವಿಗೆ ತಿಂಗಳುಗಟ್ಟಲೆ ಮಾತ್ರೆ ಕೊಟ್ಟು ಮನೆಗೆ ಕಳಿಸಿದರೂ ಚಟ ಹತ್ತುವುದಿಲ್ಲ ಎಂಬುದಕ್ಕೆ ಅದನ್ನೇ ಆಧಾರ ಮಾಡಿಕೊಳ್ಳಲಾಯಿತು. 1996ರಲ್ಲಿ ಆಕ್ಸಿಕಾಂಟಿನ್ ಎಂಬ ಇದೇ ಬಗೆಯ ಮಾತ್ರೆಯನ್ನು ಮಾರುಕಟ್ಟೆಗೆ ತಂದ ಪರ್ಡ್ಯೂ ಫಾರ್ಮಾ ಕಂಪನಿ ಈ ನಂಬಿಕೆಯನ್ನು ವೈದ್ಯರ ಬಾಗಿಲಿಗೆ ಒಯ್ದು ಮಾರಿತು. ಅದರ ಸಂಬಂಧ 2007ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ತಪ್ಪೊಪ್ಪಿಕೊಂಡಿತು. ನಮ್ಮಲ್ಲಿ 1996 ಎಂದರೆ ನಾನು ಆ ರೈತರಿಗೆ ನೀರಿನ ಸೂಜಿ ಕೊಟ್ಟ ವರ್ಷ.

ಆದ್ದರಿಂದ ಈ ಪತ್ರವನ್ನು ಯಾರೂ ಅತಿಯಾಗಿ ಓದಿಕೊಳ್ಳದಿರಲಿ. ಹಳೆಯ ಮಂಡಿನೋವಿಗೆ ಮಾರ್ಫಿನ್ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ನನ್ನ ಮಾತು ಕ್ಯಾನ್ಸರಿನ ಮತ್ತು ಗುಣವಾಗದ ಇತರ ಕಾಯಿಲೆಗಳ ತೀವ್ರ ನೋವಿನ ಬಗ್ಗೆ, ದೊಡ್ಡ ಗಾಯ, ಸುಟ್ಟಗಾಯ, ಶಸ್ತ್ರಚಿಕಿತ್ಸೆಯ ನಂತರದ ಒಂದೆರಡು ದಿನಗಳ ಬಗ್ಗೆ. ಇಲ್ಲಿ ಅಮೆರಿಕದ ಭಯವನ್ನು ತಂದು ಹಾಕುವುದು, ಪ್ರವಾಹದ ಸುದ್ದಿ ಓದಿ ಬರಗಾಲದ ಊರಿನ ಬಾವಿ ಮುಚ್ಚಿದಂತೆ.

ಅದಕ್ಕೆ ಸಾಕ್ಷಿ ಬೇಕೆಂದರೆ ದೂರ ಹೋಗಬೇಕಿಲ್ಲ. 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನ ಆಸರೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಸಂಗಡಿಗರು ನೋವು ಮತ್ತು ಉಪಶಾಮಕ ಆರೈಕೆಯ, ಅಂದರೆ ಗುಣವಾಗದ ಕಾಯಿಲೆಯವರ ನರಳಾಟ ತಗ್ಗಿಸುವ ಆರೈಕೆಯ, ಸಂಘವನ್ನು ಕಟ್ಟಿದರು. ಮಾರ್ಫಿನ್ ಮಾತ್ರೆಗಳನ್ನು ರೋಗಿಗಳ ಮನೆಗೇ ಕೊಟ್ಟು ಕಳಿಸಿದರು. ಎರಡು ವರ್ಷಗಳಲ್ಲಿ ಹಾಗೆ ಔಷಧ ಪಡೆದ 1,700ಕ್ಕೂ ಹೆಚ್ಚು ರೋಗಿಗಳ ಪೈಕಿ ಒಂದೇ ಒಂದು ದುರ್ಬಳಕೆಯಾಗಲೀ ಕಳ್ಳದಾರಿ ಹಿಡಿದದ್ದಾಗಲೀ ಕಂಡುಬರಲಿಲ್ಲವೆಂದು 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ವರದಿಯಾಯಿತು. 2008ರಲ್ಲಿ ಕೇರಳ ಸರ್ಕಾರ ಇದನ್ನೇ ನೀತಿಯಾಗಿ ಒಪ್ಪಿಕೊಂಡಿತು. ನಮ್ಮಲ್ಲಿಯೂ ಇಲ್ಲವೆಂದಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನೋವಿನ ಚಿಕಿತ್ಸೆ ಇದೆ. ಅದೇ ನಗರದ ಕರುಣಾಶ್ರಯದಲ್ಲಿ ಕ್ಯಾನ್ಸರಿನ ಕೊನೆಯ ಹಂತದವರಿಂದ ಒಂದು ಪೈಸೆ ಪಡೆಯದೆ ಆರೈಕೆ ಮಾಡುತ್ತಾರೆ. 2016ರಲ್ಲಿ ರಾಜ್ಯವೂ ಉಪಶಾಮಕ ಆರೈಕೆಯ ನೀತಿಯನ್ನು ಹೊರಡಿಸಿತು. ಆದರೆ ಬೆಂಗಳೂರಿನಿಂದ 300 ಕಿಲೋಮೀಟರ್ ಆಚೆಯ ಹಳ್ಳಿಯವರು, ಕೆಲವು ರೂಪಾಯಿ ಬೆಲೆಯ ಮಾತ್ರೆಗಾಗಿ ರಾತ್ರಿ ಬಸ್ಸಿನಲ್ಲಿ ಕುಳಿತುಕೊಳ್ಳಲೂ ಆಗದ ರೋಗಿಯನ್ನು ಕರೆತರಬೇಕೆಂದರೆ ಅದನ್ನು ಸೌಲಭ್ಯ ಎನ್ನಲಾದೀತೇ?

2025ರ ಜನವರಿಯಲ್ಲಿ ನಮ್ಮ ಆರೋಗ್ಯ ಇಲಾಖೆ, ಸುಪ್ರೀಂ ಕೋರ್ಟಿನ ತೀರ್ಪನ್ನು ಅನುಸರಿಸಿ, ಗುಣವಾಗುವ ಆಸೆಯಿಲ್ಲದ ರೋಗಿಗಳಿಗೆ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುತ್ತೋಲೆ ಹೊರಡಿಸಿದಾಗ ಪತ್ರಿಕೆಗಳಲ್ಲಿ ಒಳ್ಳೆಯ ಚರ್ಚೆ ನಡೆಯಿತು. ಅದನ್ನು ನಾನೂ ಸ್ವಾಗತಿಸಿದೆ. ವೆಂಟಿಲೇಟರ್ ತೆಗೆಯುವ ತೀರ್ಮಾನಕ್ಕೆ ವೈದ್ಯರ ಎರಡು ಮಂಡಳಿ ಇವೆ, ಕ್ರಮವಿದೆ, ಕಾಗದವಿದೆ. ವೆಂಟಿಲೇಟರಿನ ಹತ್ತಿರವೂ ಸುಳಿಯದೆ ತನ್ನ ಮನೆಯ ಪಡಸಾಲೆಯಲ್ಲಿ ನರಳುತ್ತಿರುವವರಿಗೆ ಘನತೆ ಎಂದರೆ ಏನೆಂದು ಆ ಚರ್ಚೆಯಲ್ಲಿ ಕೇಳಿದವರು ಕಡಿಮೆ.

ವೈದ್ಯರನ್ನಷ್ಟೇ ದೂರಿದೆನೆಂದು ಯಾರಾದರೂ ಭಾವಿಸಬಾರದೆಂದು ಇನ್ನೊಂದು ಸಂಗತಿ ಬರೆಯುತ್ತೇನೆ. ನಿವೃತ್ತಿಯ ಮರುವರ್ಷ ನನ್ನ ಅಕ್ಕನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಮೊದಲು ತೋರಿಸಿದ ಖಾಸಗಿ ಆಸ್ಪತ್ರೆಯ ವೈದ್ಯರು ಸಜ್ಜನರು. ಮಾರ್ಫಿನ್ ಎಂದೊಡನೆ ಮಾತ್ರ, ಅಷ್ಟು ಬೇಗ ಬೇಡಮ್ಮಾ, ಮುಂದೆ ಏನೂ ಉಳಿಯುವುದಿಲ್ಲ ಎಂದರು. ಮಾರ್ಫಿನ್‌ಗೆ ಇಷ್ಟೇ ಎಂಬ ಮೇಲ್ಮಿತಿಯಿಲ್ಲ, ನೋವು ಏರಿದರೆ ಅಳತೆಯನ್ನೂ ಏರಿಸಬಹುದು ಎಂಬುದನ್ನು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಎರಡು ತಿಂಗಳ ನಂತರ ಬೇರೊಂದು ಊರಿನ ಕೇಂದ್ರದಲ್ಲಿ 10 ಮಿಲಿಗ್ರಾಮಿನ ಮಾತ್ರೆ ಸಿಕ್ಕಿತು. ನಾಲ್ಕು ತಾಸಿಗೊಮ್ಮೆ ಒಂದು, ರಾತ್ರಿ ನಿದ್ದೆಗೆಡದಿರಲು ಮಲಗುವಾಗ ಎರಡು. ಮೂರನೆಯ ದಿನ ಅಕ್ಕ ಎದ್ದು ಕುಳಿತು ತಲೆ ಬಾಚಿಸಿಕೊಂಡಳು, ರೊಟ್ಟಿ ಬೇಡ, ಅನ್ನ ಸಾರು ಕೊಡು ಎಂದಳು.

ಆದರೆ ಆ ಮೊದಲ ರಾತ್ರಿ ಅವಳಿಗೆ ಎರಡು ಮಾತ್ರೆ ಕೊಡಬೇಕಾದಾಗ ನಾನು ಒಂದನ್ನೇ ಕೊಟ್ಟಿದ್ದೆ. ಇನ್ನೊಂದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಅವಳ ಉಸಿರು ಎಣಿಸುತ್ತಾ ಕುಳಿತೆ. ನಿಮಿಷಕ್ಕೆ 16, 18. ಎಲ್ಲ ಓದಿಕೊಂಡಿದ್ದೆ, ಎಲ್ಲ ಗೊತ್ತಿತ್ತು. ನಡುರಾತ್ರಿ ಅವಳು ನೋವಿಗೆ ಎಚ್ಚರಗೊಂಡು, “ಇನ್ನೊಂದು ಕೊಡಲಿಲ್ಲೇನ?” ಎಂದು ಕೇಳಿದಳು. ಧೋರಣೆ ಎಂದರೆ ಇದೇ ಎಂದು ನನಗೆ ಅನ್ನಿಸಿದೆ. ಅದು ತಲೆಯಲ್ಲಿರುವುದಿಲ್ಲ, ಕೈಯಲ್ಲಿರುತ್ತದೆ.

ಕೈ ಬದಲಾಗುವುದು ಸುತ್ತೋಲೆಯಿಂದಲ್ಲ, ಮಾಡಿ ನೋಡುವುದರಿಂದ. 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನೋವಿನ ಚಿಕಿತ್ಸೆಗೂ ಉಪಶಾಮಕ ಆರೈಕೆಗೂ ಸ್ಥಾನ ಸಿಕ್ಕಿದೆ. ಆದರೆ ಪುಸ್ತಕದಲ್ಲಿ ಓದಿದ ಹುಡುಗ ಇಂಟರ್ನ್‌ಶಿಪ್ಪಿನಲ್ಲಿ ಒಂದು ಮಾತ್ರೆಯನ್ನೂ ಕಣ್ಣಿಂದ ಕಾಣದಿದ್ದರೆ, ಹಿರಿಯರಿಂದ ‘ಎಸ್‌ಓಎಸ್’ ಎಂಬ ಮೂರಕ್ಷರವನ್ನೇ ಕಲಿಯುತ್ತಾನೆ. ವೈದ್ಯಕೀಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳಲ್ಲಾದರೂ ಮಾರ್ಫಿನ್ ಮಾತ್ರೆ ಸದಾ ಇರುವಂತೆ, ಪ್ರತಿ ಜಿಲ್ಲಾ ಆಸ್ಪತ್ರೆಯೂ ಆ ಒಂದು ಮನ್ನಣೆಗೆ ಅರ್ಜಿ ಹಾಕುವಂತೆ ಸರ್ಕಾರ ನೋಡಿಕೊಳ್ಳಲಿ; ಇದಕ್ಕೆ ಹೊಸ ಕಾಯ್ದೆಯೂ ಬೇಡ, ದೊಡ್ಡ ಖರ್ಚೂ ಬೇಡ. ಶುಶ್ರೂಷಕರನ್ನು ನಂಬುವ ವಿಷಯದಲ್ಲಿಯೂ ಯೋಚಿಸಬಹುದು. ಉಗಾಂಡಾ ನಮಗಿಂತ ಬಡ ದೇಶ. ಅಲ್ಲಿ ಉಪಶಾಮಕ ಆರೈಕೆಯಲ್ಲಿ ತರಬೇತಿ ಪಡೆದ ಶುಶ್ರೂಷಕರೇ ಮಾರ್ಫಿನ್ ಬರೆಯಬಹುದೆಂದು 2004ರಲ್ಲಿ ಅನುಮತಿ ಕೊಟ್ಟರು. ಅಷ್ಟು ಇಲ್ಲವಾದರೂ, ನಮ್ಮ ಚಾರ್ಟಿನಲ್ಲಿ ನೋವಿಗೊಂದು ಮನೆ ಮಾಡಿ, ಅದು ಖಾಲಿ ಬಿಟ್ಟಿದ್ದಕ್ಕೆ, ಒಡೆದ ಆಂಪೂಲಿಗೆ ಕೇಳುವಂತೆಯೇ, ಒಂದು ವಿವರಣೆ ಕೇಳುವ ಪದ್ಧತಿ ಬರಲಿ.

ತಮ್ಮಲ್ಲಿ ಒಂದು ಪ್ರತ್ಯೇಕ ಕೋರಿಕೆ. ಸದರಿ ಲೇಖನದ ಜೊತೆ ಅಚ್ಚಾದ ಚೌಕಟ್ಟಿನಲ್ಲಿ ಹೆರಾಯಿನ್, ಗಾಂಜಾ, ಮಾರ್ಫಿನ್ ಮೂರನ್ನೂ ‘ಮಾದಕ ವಸ್ತುಗಳು’ ಎಂಬ ಒಂದೇ ತಲೆಬರಹದ ಕೆಳಗೆ ಪಟ್ಟಿ ಮಾಡಲಾಗಿದೆ. ಮಾರ್ಫಿನ್ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿರುವ ಔಷಧ. ವೈದ್ಯರ ಚೀಟಿಯ ಮೇಲೆ ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವಲ್ಲ. ಆ ಪುಟವನ್ನು ಓದಿದ ಯಾವುದೋ ಮನೆಯವರು, ಈಗಷ್ಟೇ ಬರೆಸಿಕೊಂಡು ಬಂದ ಮಾತ್ರೆಯನ್ನು ಹೆದರಿ ಒಲೆಗೆ ಹಾಕಿರಲೂಬಹುದು. ದಯವಿಟ್ಟು ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ಒಂದು ತಿದ್ದುಪಡಿಯನ್ನು ಪ್ರಕಟಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ
ಹಾವೇರಿ ಜಿಲ್ಲೆ